ಟಾಕ್‌ಬ್ಯಾಕ್ ಪ್ಯಾನೆಲ್: ನಿರ್ಮಾಪಕರ ಮಾತು ನಿರೂಪಕಿಯ ಕಿವಿಗೆ ಕೂಗಿದಂತೆ ಕೇಳುತ್ತಿದೆ, ಯಾವ ಗುಂಡಿಯಲ್ಲಿ ಸರಿಪಡಿಸಬೇಕು?

ಪಿಸಿಆರ್ ಸಹಾಯಕ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಒಂದು ಸುದ್ದಿ ವಾಹಿನಿಯ ಪಿಸಿಆರ್‌ನಲ್ಲಿ (ಕಾರ್ಯಕ್ರಮ ನಿಯಂತ್ರಣ ಕೊಠಡಿಯಲ್ಲಿ) ನಾಲ್ಕು ತಿಂಗಳಿನಿಂದ ಧ್ವನಿ ವಿಭಾಗದ ಸಹಾಯಕನಾಗಿ ಕೆಲಸ ಮಾಡುತ್ತಿದ್ದೇನೆ. ಮಿಕ್ಸರ್ ಒಂದು ಮಟ್ಟಿಗೆ ಕೈಗೆ ಹತ್ತಿದೆ. ಆದರೆ ಪಕ್ಕದ ರ‍್ಯಾಕಿನಲ್ಲಿರುವ ಟಾಕ್‌ಬ್ಯಾಕ್ (ಪಿಸಿಆರ್ ಮತ್ತು ಸ್ಟುಡಿಯೋದವರು ತಮ್ಮೊಳಗೆ ಮಾತನಾಡಿಕೊಳ್ಳುವ) ಉಪಕರಣಗಳ ಮುಂಭಾಗದ ಪ್ಯಾನೆಲನ್ನು ಯಾರೂ ಕೂತು ಹೇಳಿಕೊಟ್ಟಿಲ್ಲ, ಮೊದಲಿದ್ದವರು ಇಟ್ಟ ಮಟ್ಟವನ್ನೇ ಮುಂದುವರಿಸಿಕೊಂಡು ಬಂದಿದ್ದೇವೆ. ಮೇಲಿನದು ಎರಡು ಚಾನೆಲ್‌ನ ಪಾರ್ಟಿಲೈನ್ (ಒಂದು ಚಾನೆಲ್‌ನಲ್ಲಿರುವವರೆಲ್ಲ ಪರಸ್ಪರ ಕೇಳಿ ಮಾತನಾಡುವ ವ್ಯವಸ್ಥೆ) ಮೇನ್ ಸ್ಟೇಷನ್. ಪ್ರತಿ ಚಾನೆಲ್‌ಗೂ ಒಂದು ಟಾಕ್ ಗುಂಡಿ, ಒಂದು ಕಾಲ್ ಗುಂಡಿ, ಒಂದು ಲಿಸನ್ ನಾಬ್ ಇವೆ; ಜೊತೆಗೆ ಪ್ರೋಗ್ರಾಂ ನಾಬ್, ಮೈಕ್ ಕಿಲ್, ಸ್ಕ್ರೂಡ್ರೈವರ್ ತೂರಿಸಿ ತಿರುಗಿಸುವ ಎರಡು ಸೈಡ್‌ಟೋನ್ ರಂಧ್ರಗಳಿವೆ. ಅದರ ಕೆಳಗೆ ನಾಲ್ಕು ಕೀಗಳ ಐಎಫ್‌ಬಿ ಪ್ಯಾನೆಲ್ ಇದೆ. ಪ್ರತಿ ಕೀ ಒಬ್ಬೊಬ್ಬ ನಿರೂಪಕರ ಇಯರ್‌ಪೀಸ್‌ಗೆ ಹೋಗುತ್ತದೆ.

ಕಳೆದ ಎರಡು ವಾರಗಳಿಂದ ಸಂಜೆಯ ಚರ್ಚೆಯ ನಿರೂಪಕಿ ಒಂದೇ ದೂರು ಹೇಳುತ್ತಿದ್ದಾರೆ. ನಿರ್ಮಾಪಕರು ಕೀ ಒತ್ತಿ ಮಾತನಾಡಿದ ಕೂಡಲೇ ಕಿವಿಯೊಳಗೆ ಯಾರೋ ಕೂಗಿದಂತಾಗುತ್ತದೆ, ಅದೇ ಹೊತ್ತಿಗೆ ಅತಿಥಿಯ ಮಾತು ಪೂರ್ತಿ ನಿಂತುಹೋಗುತ್ತದೆ. ಹೀಗಾಗಿ ಅತಿಥಿ ಆಗಷ್ಟೇ ಉತ್ತರ ಕೊಟ್ಟ ಪ್ರಶ್ನೆಯನ್ನೇ ಮತ್ತೊಮ್ಮೆ ಕೇಳುವ ಪರಿಸ್ಥಿತಿ ಅವರಿಗೆ ಎರಡು ಸಲ ಬಂದಿದೆ. ನಾನು ಐಎಫ್‌ಬಿ ಔಟ್‌ಪುಟ್ ಇಳಿಸಿದೆ. ಆಗ ಕಾರ್ಯಕ್ರಮದ ಧ್ವನಿಯೂ ಅದರ ಜೊತೆಗೇ ಇಳಿಯಿತು, ಅವರು ಸೊಂಟದ ಪ್ಯಾಕಿನಲ್ಲಿ ವಾಲ್ಯೂಮ್ ಏರಿಸಿಕೊಂಡರು, ಎಲ್ಲವೂ ಮೊದಲಿದ್ದಲ್ಲಿಗೇ ಬಂದು ನಿಂತಿತು.

ಇನ್ನೂ ಎರಡು ಸಂದೇಹಗಳಿವೆ. ಟಾಕ್ ಗುಂಡಿ ಕೆಲವೊಮ್ಮೆ ಕೈ ಬಿಟ್ಟರೂ ಆನ್ ಆಗಿಯೇ ಉಳಿಯುತ್ತದೆ, ಕೆಲವೊಮ್ಮೆ ಉಳಿಯುವುದಿಲ್ಲ, ಗುಂಡಿ ಹಾಳಾಗಿದೆಯೇ? ಮಾತನಾಡಲು ಟಾಕ್ ಇರುವಾಗ ಕಾಲ್ ಗುಂಡಿಯನ್ನು ಯಾವಾಗ ಒತ್ತಬೇಕು? ಅನುಭವಿಗಳು ದಯವಿಟ್ಟು ವಿವರವಾಗಿ ತಿಳಿಸಬೇಕು.

ಹಳೆಯ ಧ್ವನಿ ಇಂಜಿನಿಯರ್

ಗುಂಡಿ ಹಾಳಾಗಿಲ್ಲ. ಹೆಚ್ಚಿನ ಪ್ಯಾನೆಲ್‌ಗಳಲ್ಲಿ ಟಾಕ್ ಗುಂಡಿಗೆ ಎರಡು ನಡತೆಗಳಿರುತ್ತವೆ. ತಟ್ಟನೆ ಒತ್ತಿ ಬಿಟ್ಟರೆ ಅದು ಲ್ಯಾಚ್ ಆಗುತ್ತದೆ, ಅಂದರೆ ಮತ್ತೊಮ್ಮೆ ಒತ್ತುವವರೆಗೆ ಮೈಕ್ ತೆರೆದೇ ಇರುತ್ತದೆ. ಒತ್ತಿ ಹಿಡಿದುಕೊಂಡರೆ ಹಿಡಿದಷ್ಟು ಹೊತ್ತು ಮಾತ್ರ ತೆರೆದಿದ್ದು, ಕೈ ತೆಗೆದೊಡನೆ ಮುಚ್ಚಿಕೊಳ್ಳುತ್ತದೆ. ಅವಸರದಲ್ಲಿ ಒಂದೇ ಶಬ್ದ ಹೇಳಿ ಬೆರಳು ತೆಗೆದಾಗ ಪ್ಯಾನೆಲ್ ಅದನ್ನು ತಟ್ಟಿದ್ದೆಂದು ತಿಳಿದು ಲ್ಯಾಚ್ ಮಾಡಿಬಿಡುತ್ತದೆ. ಆದ್ದರಿಂದ ಮಾತು ಎಷ್ಟೇ ಚಿಕ್ಕದಾಗಿರಲಿ, ಗುಂಡಿಯನ್ನು ಮೊದಲು ಒತ್ತಿ, ಒಂದು ಕ್ಷಣ ತಡೆದು, ಮಾತು ಮುಗಿದ ಮೇಲೆ ಬಿಡುವ ಅಭ್ಯಾಸ ಮಾಡಿಕೊಳ್ಳಿ. ಬಿಟ್ಟ ಮೇಲೆ ದೀಪ ಆರಿದೆಯೇ ಎಂದು ಕಣ್ಣಿನಿಂದ ನೋಡಿ. ಐಎಫ್‌ಬಿ ಕೀಗಳಲ್ಲಿ ಲ್ಯಾಚ್ ಆಗದಂತೆ ಒಳಗಿನ ಸ್ವಿಚ್‌ನಿಂದಲೋ ಮೆನುವಿನಿಂದಲೋ ತಡೆಯಲು ಅವಕಾಶವಿದ್ದರೆ ಇಂದೇ ತಡೆಯಿರಿ. ಕ್ಯಾಮೆರಾದವರ ಚಾನೆಲ್ ತೆರೆದಿದ್ದರೆ ಅಷ್ಟೇನೂ ಅನಾಹುತವಿಲ್ಲ, ನಿರ್ದೇಶಕರಿಗೆ ಅದು ಅಗತ್ಯವೂ ಹೌದು. ಆದರೆ ನಿರೂಪಕರ ಕಿವಿಗೆ ತೆರೆದ ಮೈಕ್ ಉಳಿಯುವುದು ಬೇರೆಯೇ ಮಾತು.

2018ರ ಮೇ 15ರಂದು, ಅಂದರೆ ಕರ್ನಾಟಕ ವಿಧಾನಸಭಾ ಚುನಾವಣೆಯ 222 ಕ್ಷೇತ್ರಗಳ ಮತ ಎಣಿಕೆಯ ದಿನ, ನಾನು ಕೆಲಸ ಮಾಡುತ್ತಿದ್ದ ಕಡೆ ಹೀಗೆಯೇ ಆಯಿತು. ಬೆಳಗಿನಿಂದ ಕೂತಿದ್ದ ನಿರ್ಮಾಪಕರೊಬ್ಬರು ಐಎಫ್‌ಬಿ ಕೀಯನ್ನು ತಟ್ಟಿ ಬಿಟ್ಟಿದ್ದು ಯಾರ ಗಮನಕ್ಕೂ ಬರಲಿಲ್ಲ. ಪಿಸಿಆರ್‌ನೊಳಗೆ ಡೆಸ್ಕಿನವರು ಕೂಗಿ ಹೇಳುತ್ತಿದ್ದ ಮುನ್ನಡೆಯ ಅಂಕಿಗಳೆಲ್ಲ ನಿರೂಪಕರ ಕಿವಿಗೆ ಹೋಗುತ್ತಿದ್ದವು. ಪರಿಶೀಲನೆಯಾಗದ ಒಂದು ಕ್ಷೇತ್ರದ ಅಂಕಿಯನ್ನು ಅವರು ತಮಗೇ ಹೇಳಿದ್ದೆಂದು ತಿಳಿದು ಪ್ರಸಾರದಲ್ಲಿ ಓದಿಬಿಟ್ಟರು, ಕೆಲವೇ ನಿಮಿಷಗಳಲ್ಲಿ ತಿದ್ದಿ ಹೇಳಬೇಕಾಯಿತು. ಆ ನಿರೂಪಕರ ತಪ್ಪು ಅದರಲ್ಲಿ ಒಂದಿಷ್ಟೂ ಇರಲಿಲ್ಲ. ಆ ಕೆಂಪು ದೀಪವನ್ನು ನೋಡಬೇಕಾಗಿದ್ದವನು ನಾನು.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ನೀವು ಎರಡು ಬೇರೆ ಬೇರೆ ದೋಷಗಳನ್ನು ಒಂದೇ ನಾಬ್‌ನಿಂದ ತಿದ್ದಲು ಹೊರಟಿದ್ದೀರಿ. ನಿರೂಪಕಿಯ ಕಿವಿಗೆ ಎರಡು ಧ್ವನಿಗಳು ಹೋಗುತ್ತವೆ: ಸದಾ ಹರಿಯುವ ಕಾರ್ಯಕ್ರಮದ ಧ್ವನಿ, ಮತ್ತು ಕೀ ಒತ್ತಿದಾಗ ಅದರ ಮೇಲೆ ಬಂದು ಕೂರುವ ನಿರ್ಮಾಪಕರ ಧ್ವನಿ. ಐಎಫ್‌ಬಿ ಎಂಬ ಹೆಸರಿನ ಅರ್ಥವೇ ಮಧ್ಯೆ ತಡೆಯಬಹುದಾದ ಮರುಕೇಳುವಿಕೆ ಎಂದು. ತಡೆಯುವಾಗ ಕಾರ್ಯಕ್ರಮದ ಧ್ವನಿ ಎಷ್ಟು ಇಳಿಯಬೇಕು ಎಂಬುದಕ್ಕೆ ಪ್ರತ್ಯೇಕ ಹೊಂದಾಣಿಕೆ ಇರುತ್ತದೆ, ಅದಕ್ಕೆ ಡಿಮ್ ಎನ್ನುತ್ತಾರೆ. ಮುಂಭಾಗದಲ್ಲಿ ಕಾಣದಿದ್ದರೆ ಹಿಂಭಾಗದಲ್ಲಿಯೋ ಮುಚ್ಚಳದ ಒಳಗೋ ನೋಡಿ. ನಿಮ್ಮಲ್ಲಿ ಅದು ಪೂರ್ಣ ಕಡಿತದಲ್ಲಿದೆ. ಒಬ್ಬರೇ ಕೂತು ಸುದ್ದಿ ಓದುವ ಬುಲೆಟಿನ್‌ಗೆ ಅದು ನಡೆಯುತ್ತದೆ. ನಾಲ್ಕು ಅತಿಥಿಗಳ ಚರ್ಚೆಗೆ ಖಂಡಿತ ನಡೆಯುವುದಿಲ್ಲ. ನಾನು ಚರ್ಚೆಗಳಿಗೆ 12 ಡೆಸಿಬಲ್ ಇಳಿಕೆಯ ಆಸುಪಾಸಿನಲ್ಲಿ ಇಡುತ್ತಿದ್ದೆ. ಆಗ ನಿರ್ಮಾಪಕರ ಸೂಚನೆ ಸ್ಪಷ್ಟವಾಗಿ ಮುಂದೆ ನಿಲ್ಲುತ್ತದೆ, ಅದರ ಹಿಂದೆ ಅತಿಥಿಯ ಮಾತಿನ ಎಳೆಯೂ ಕಡಿಯದೆ ಕೇಳುತ್ತಿರುತ್ತದೆ.

ಕೂಗಿದಂತೆ ಕೇಳುತ್ತದೆ ಎಂಬ ದೂರಿನ ಮೂಲ ನಿರೂಪಕಿಯ ಕಡೆ ಇಲ್ಲ, ನಿರ್ಮಾಪಕರ ಕಡೆ ಇದೆ. ಅವರು ನಿಜವಾಗಿಯೂ ಕೂಗುತ್ತಿದ್ದಾರೆ. ಏಕೆ ಕೂಗುತ್ತಿದ್ದಾರೆ ಎಂದು ನೋಡಬೇಕು. ಸೈಡ್‌ಟೋನ್ ಎಂದರೆ ಹೆಡ್‌ಸೆಟ್ ಹಾಕಿಕೊಂಡವರಿಗೆ ಅವರದೇ ಮಾತು ಅವರ ಕಿವಿಗೆ ಮರಳಿ ಕೇಳುವ ಪ್ರಮಾಣ. ಎರಡೂ ಕಿವಿ ಮುಚ್ಚಿಕೊಂಡವರಿಗೆ ಅದು ಕಡಿಮೆಯಾದರೆ, ತಮ್ಮ ಮಾತು ಹೋಗುತ್ತಲೇ ಇಲ್ಲವೇನೋ ಎಂದು ತಿಳಿದು ದನಿ ಏರಿಸುತ್ತಾರೆ. ಅದು ಸ್ವಲ್ಪ ಹೆಚ್ಚಾದರೆ ಯಾರೂ ಹೇಳದೆಯೇ ದನಿ ತಗ್ಗಿಸುತ್ತಾರೆ. ಇದು ಮನುಷ್ಯನ ಸ್ವಭಾವ. ನಿಧಾನವಾಗಿ ಮಾತನಾಡಿ ಎಂದು ನಿರ್ಮಾಪಕರಿಗೆ ಹತ್ತು ಸಲ ಹೇಳುವುದಕ್ಕಿಂತ ಆ ರಂಧ್ರದಲ್ಲಿ ಸ್ಕ್ರೂಡ್ರೈವರನ್ನು ಕಾಲು ಸುತ್ತು ತಿರುಗಿಸುವುದು ಹೆಚ್ಚು ಫಲ ಕೊಡುತ್ತದೆ.

ಅವರು ಹೆಡ್‌ಸೆಟ್ ಬಿಟ್ಟು ಬಾಗುವ ಕತ್ತಿನ ಗೂಸ್‌ನೆಕ್ ಮೈಕ್‌ನಲ್ಲಿ ಮಾತನಾಡುವವರಾದರೆ ದೂರವನ್ನು ಗಮನಿಸಿ. ಬಾಯಿಂದ ಮೈಕ್‌ಗೆ ಇರುವ ದೂರ ಎರಡು ಪಟ್ಟಾದರೆ ಮಟ್ಟ ಸುಮಾರು 6 ಡೆಸಿಬಲ್ ಕುಸಿಯುತ್ತದೆ. ಕುರ್ಚಿಗೆ ಒರಗಿ ಮಾತನಾಡುವವರಿಗಾಗಿ ಯಾರೋ ಮೈಕ್ ಗೇನ್ (ಮೈಕ್‌ನ ಧ್ವನಿಯನ್ನು ಹಿಗ್ಗಿಸುವ ಮಟ್ಟ) ಏರಿಸಿಟ್ಟಿರುತ್ತಾರೆ, ಮರುದಿನ ಮುಂದಕ್ಕೆ ಬಾಗಿ ಮಾತನಾಡುವವರು ಬಂದಾಗ ನಿರೂಪಕಿಯ ಕಿವಿ ನೋಯುತ್ತದೆ.

ಹೊಂದಿಸುವ ಕ್ರಮವೂ ಮುಖ್ಯ. ಕಾರ್ಯಕ್ರಮವಿಲ್ಲದ ಹೊತ್ತಿನಲ್ಲಿ ಮಿಕ್ಸರ್‌ನಿಂದ 1 ಕಿಲೋಹರ್ಟ್ಸ್ ಟೋನ್ ಕಳಿಸಿ ಐಎಫ್‌ಬಿಯ ಪ್ರೋಗ್ರಾಂ ಒಳಹರಿವನ್ನು ಮೊದಲು ಹೊಂದಿಸಿ. ಆಮೇಲೆ ನಿರ್ಮಾಪಕರನ್ನೇ ಅವರ ಜಾಗದಲ್ಲಿ ಕೂರಿಸಿ, ಅವರು ನಿತ್ಯ ಮಾತನಾಡುವ ರೀತಿಯಲ್ಲೇ ಮಾತನಾಡಿಸಿ ಸೈಡ್‌ಟೋನ್ ಹೊಂದಿಸಿ. ಅದಾದ ಮೇಲೆ ಮೈಕ್ ಗೇನ್. ಡಿಮ್ ಕೊನೆಯದು. ಈ ಕೊನೆಯ ಕೆಲಸವನ್ನು ಪಿಸಿಆರ್‌ನಲ್ಲಿ ಕೂತು ಮಾಡಬೇಡಿ. ಸ್ಟುಡಿಯೋಗೆ ಹೋಗಿ, ನಿರೂಪಕಿಯ ಕುರ್ಚಿಯಲ್ಲಿ ಕೂತು, ಅದೇ ಪ್ಯಾಕಿಗೆ ನಿಮ್ಮ ಇಯರ್‌ಪೀಸ್ ಹಾಕಿಕೊಂಡು, ಒಂದು ಹಳೆಯ ಚರ್ಚೆಯ ರೆಕಾರ್ಡಿಂಗ್ ಕೇಳುತ್ತಾ ಮಾಡಿ. ಪ್ಯಾಕಿನ ನಾಬ್ ಅರ್ಧದಲ್ಲಿದ್ದಾಗ ಹಿತವಾಗಿ ಕೇಳಬೇಕು. ನಿರೂಪಕರಿಗೆ ಮೇಲಕ್ಕೂ ಕೆಳಕ್ಕೂ ತಿರುಗಿಸಲು ಜಾಗ ಉಳಿದಿರಬೇಕು.

ಓಬಿ ವ್ಯಾನ್

ಮೇಲಿನವರು ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ. ಕಾಲ್ ಗುಂಡಿಯ ವಿಷಯ ಬಿಟ್ಟುಹೋಗಿದೆ, ಅದನ್ನು ನಾನು ಹೇಳುತ್ತೇನೆ.

ಕಾಲ್ ಗುಂಡಿ ಕಿವಿಗಾಗಿ ಇರುವುದಲ್ಲ, ಕಣ್ಣಿಗಾಗಿ ಇರುವುದು. ಕ್ಯಾಮೆರಾದವರು ಬಿಡುವಿನಲ್ಲಿ ಹೆಡ್‌ಸೆಟ್ ತೆಗೆದು ಟ್ರೈಪಾಡ್ ಹಿಡಿಕೆಗೆ ನೇತುಹಾಕಿರುತ್ತಾರೆ. ಆಗ ನೀವು ಟಾಕ್‌ನಲ್ಲಿ ಎಷ್ಟು ಕರೆದರೂ ಪ್ರಯೋಜನವಿಲ್ಲ. ಕಾಲ್ ಒತ್ತಿದರೆ ಆ ಚಾನೆಲ್‌ನಲ್ಲಿರುವ ಎಲ್ಲ ಬೆಲ್ಟ್‌ಪ್ಯಾಕ್‌ಗಳ (ಹೆಡ್‌ಸೆಟ್ ಸೇರಿಸುವ ಸೊಂಟದ ಪೆಟ್ಟಿಗೆಗಳ) ದೀಪ ಉರಿಯುತ್ತದೆ. ಕ್ರಿಕೆಟ್ ಮೈದಾನದಲ್ಲಿ ಜನರ ಗದ್ದಲದ ನಡುವೆ ಕೆಲಸ ಮಾಡುವಾಗ ಈ ದೀಪವಿಲ್ಲದೆ ನಮ್ಮ ಕೆಲಸ ಸಾಗುವುದೇ ಇಲ್ಲ. ಪ್ರಸಾರ ನಡೆಯುವಾಗ ಕ್ಯಾಮೆರಾದವರ ಮುಂದೆ ಅನಾವಶ್ಯಕವಾಗಿ ದೀಪ ಮಿನುಗಿಸಬಾರದು; ಕೆಲವು ಪ್ಯಾಕ್‌ಗಳಲ್ಲಿ ಅದರ ಜೊತೆಗೆ ಬೀಪ್ ಸದ್ದೂ ಬರುತ್ತದೆ, ನಿಶ್ಶಬ್ದ ಸೆಟ್‌ನಲ್ಲಿ ಆ ಸದ್ದು ಮೈಕ್‌ಗೆ ಸಿಗುತ್ತದೆ.

ಹೀಗೆ ತೆಗೆದಿಟ್ಟ ಹೆಡ್‌ಸೆಟ್‌ನ ಮೈಕ್ ತೆರೆದಿದ್ದರೆ ಇಡೀ ಚಾನೆಲ್‌ಗೆ ಸ್ಟುಡಿಯೋದ ಸದ್ದು ತುಂಬಿಕೊಳ್ಳುತ್ತದೆ. ಅದಕ್ಕೇ ಮೈಕ್ ಕಿಲ್ ಇರುವುದು: ಅದನ್ನೊಮ್ಮೆ ಒತ್ತಿದರೆ ಆ ಸೌಲಭ್ಯವಿರುವ ಪ್ಯಾಕ್‌ಗಳ ಲ್ಯಾಚ್ ಆದ ಮೈಕ್‌ಗಳೆಲ್ಲ ಮುಚ್ಚಿಕೊಳ್ಳುತ್ತವೆ. ಆದರೆ ಅದನ್ನು ಒತ್ತುವ ಮೊದಲು ಆ ಕ್ಷಣ ಯಾರಾದರೂ ಮುಖ್ಯವಾದದ್ದನ್ನು ಹೇಳುತ್ತಿದ್ದಾರೆಯೇ ಎಂದು ಕೇಳಿಸಿಕೊಳ್ಳಿ.

ಒಂದು ಎಚ್ಚರಿಕೆ. ಪಾರ್ಟಿಲೈನ್ ಎಂದರೆ ಎಲ್ಲವೂ ಒಂದೇ ಎಂದು ತಿಳಿದು ಎರಡು ಕಂಪನಿಗಳ ಬೆಲ್ಟ್‌ಪ್ಯಾಕ್‌ಗಳನ್ನು ಒಂದೇ ಕೇಬಲ್‌ಗೆ ಸಿಕ್ಕಿಸಬೇಡಿ. ಎರಡಕ್ಕೂ ಮೂರು ಪಿನ್‌ನ ಎಕ್ಸ್‌ಎಲ್‌ಆರ್ ಕನೆಕ್ಟರೇ ಇರುತ್ತದೆ, ಅಲ್ಲಿಯೇ ಎಲ್ಲರೂ ಮೋಸಹೋಗುವುದು. ಕ್ಲಿಯರ್-ಕಾಮ್ ಕಂಪನಿಯ ರೀತಿಯಲ್ಲಿ ಎರಡನೇ ಪಿನ್‌ನಲ್ಲಿ ಸುಮಾರು 30 ವೋಲ್ಟ್ ಡಿಸಿ ವಿದ್ಯುತ್, ಮೂರನೆಯದರಲ್ಲಿ ಧ್ವನಿ. ಆರ್‌ಟಿಎಸ್‌ನ ಎರಡು ಚಾನೆಲ್ ಟಿಡಬ್ಲ್ಯೂ ರೀತಿಯಲ್ಲಿ ಎರಡನೇ ಪಿನ್‌ನಲ್ಲಿ ವಿದ್ಯುತ್ತಿನ ಮೇಲೆಯೇ ಮೊದಲ ಚಾನೆಲ್‌ನ ಧ್ವನಿ ಸವಾರಿ ಮಾಡುತ್ತದೆ, ಮೂರನೆಯದರಲ್ಲಿ ಎರಡನೇ ಚಾನೆಲ್. ಕಾಲ್ ದೀಪದ ಸಂಕೇತವೂ ಬೇರೆ: ಮೊದಲನೆಯದರಲ್ಲಿ ಧ್ವನಿಯ ತಂತಿಯ ಮೇಲೆ ಡಿಸಿ ವೋಲ್ಟೇಜ್, ಎರಡನೆಯದರಲ್ಲಿ ಕಿವಿಗೆ ಕೇಳದ 20 ಕಿಲೋಹರ್ಟ್ಸ್ ಟೋನ್. ಬಾಡಿಗೆಗೆ ತಂದ ಪ್ಯಾಕ್‌ಗಳನ್ನು ಬೆರೆಸುವ ಅಗತ್ಯ ಬಿದ್ದರೆ ನಡುವೆ ಇಂಟರ್‌ಫೇಸ್ ಬೇಕೇ ಬೇಕು.

ನಿರೂಪಕಿ

ನಾನು ಬೇರೆ ವಾಹಿನಿಯಲ್ಲಿ ಹನ್ನೊಂದು ವರ್ಷಗಳಿಂದ ಸುದ್ದಿ ಓದುತ್ತಿದ್ದೇನೆ. ಗುಂಡಿಗಳ ಒಳಗುಟ್ಟು ನನಗೆ ತಿಳಿಯದು, ಆದರೆ ಅವುಗಳ ಇನ್ನೊಂದು ತುದಿಯಲ್ಲಿ ಇರುವವಳು ನಾನು.

ದಯವಿಟ್ಟು ಮೊದಲು ಅವರ ಇಯರ್‌ಪೀಸನ್ನೇ ಪರೀಕ್ಷಿಸಿ. ನಾವು ಹಾಕಿಕೊಳ್ಳುವುದು ಸುರುಳಿಯಾದ ಪಾರದರ್ಶಕ ನಳಿಕೆಯ ಇಯರ್‌ಪೀಸ್. ಕಿವಿಯ ಗುಗ್ಗೆಯೋ ಬೆವರಿನ ಹನಿಯೋ ನಳಿಕೆಯಲ್ಲಿ ನಿಂತರೆ ಧ್ವನಿ ಅರ್ಧಕ್ಕೆ ಇಳಿದು ಮಬ್ಬಾಗುತ್ತದೆ. ನಾವು ವಾಲ್ಯೂಮ್ ಏರಿಸುತ್ತೇವೆ, ಆಗ ಮಾತು ಕೇಳಿದರೂ ಅರ್ಥವಾಗುವುದಿಲ್ಲ, ಇನ್ನಷ್ಟು ಏರಿಸುತ್ತೇವೆ. ನಳಿಕೆ ಕಳಚಿ ತೊಳೆದು ಒಣಗಿಸಿದರೆ ಅರ್ಧ ದೂರು ಅಲ್ಲಿಯೇ ಮುಗಿಯುತ್ತದೆ. ಪ್ರತಿಯೊಬ್ಬ ನಿರೂಪಕರಿಗೂ ಅವರದೇ ನಳಿಕೆ ಇರಬೇಕು, ಒಬ್ಬರದನ್ನು ಇನ್ನೊಬ್ಬರಿಗೆ ಕೊಡಬಾರದು.

ವಾಲ್ಯೂಮ್ ವಿಷಯದಲ್ಲಿ ನಿಮ್ಮ ನಿರೂಪಕಿಯ ಮಾತನ್ನು ಕೇವಲ ಅನಾನುಕೂಲದ ಮಾತೆಂದು ತಿಳಿಯಬೇಡಿ. ದಿನಕ್ಕೆ 8 ಗಂಟೆ ಕೇಳಬಹುದಾದ ಸುರಕ್ಷಿತ ಮಿತಿ 85 ಡೆಸಿಬಲ್ ಎಂದೂ, ಅಲ್ಲಿಂದ ಮೇಲಕ್ಕೆ ಪ್ರತಿ 3 ಡೆಸಿಬಲ್‌ಗೆ ಆ ಅವಧಿ ಅರ್ಧವಾಗುತ್ತದೆ ಎಂದೂ ನಮ್ಮ ಕಿವಿ ವೈದ್ಯರು ನನಗೆ ವಿವರಿಸಿದರು. 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ. ಬೆಳಗಿನ ಬುಲೆಟಿನ್‌ನಲ್ಲಿ ಹಿತವಾಗಿದ್ದ ಮಟ್ಟ ಸಂಜೆಯ ಹೊತ್ತಿಗೆ ಕಿವಿ ದಣಿದು ಕಡಿಮೆ ಅನ್ನಿಸುತ್ತದೆ, ನಾವು ಅರಿವಿಲ್ಲದೆ ಏರಿಸುತ್ತಲೇ ಹೋಗುತ್ತೇವೆ. ನನ್ನ ಎಡಗಿವಿಯಲ್ಲಿ ಈಗ ರಾತ್ರಿಯ ಹೊತ್ತು ಸಣ್ಣ ಗುಂಯ್ ಸದ್ದು ಕೇಳುತ್ತದೆ. ಪ್ಯಾಕಿನ ನಾಬ್ ಮೇಲೆ ಬಿಳಿ ಬಣ್ಣದ ಗುರುತು ಹಾಕಿಕೊಂಡು, ಪ್ರತಿ ಬ್ರೇಕ್‌ನಲ್ಲಿ ಅಲ್ಲಿಗೇ ಮರಳಿಸುವ ಅಭ್ಯಾಸವನ್ನು ನಾನು ತಡವಾಗಿ ಕಲಿತೆ.

ಕೀ ಒತ್ತುವವರಿಗೆ ಒಂದು ವಿನಂತಿ. ನಾವು ವಾಕ್ಯದ ನಡುವೆ ಇರುವಾಗ ಪ್ರಾಣ ಹೋಗುವ ವಿಷಯವಲ್ಲದಿದ್ದರೆ ಮಾತನಾಡಬೇಡಿ. ಅತಿಥಿ ಮಾತನಾಡುವಾಗ ಮಾತನಾಡಿ. ಐದು ಶಬ್ದಗಳೊಳಗೆ ಮುಗಿಸಿ. “ಮುಂದೆ ಹಾಸನ ಫೋನೋ” (ಮುಂದೆ ಹಾಸನದಿಂದ ದೂರವಾಣಿಯಲ್ಲಿ ಮಾತು) ಎಂದರೆ ಸಾಕು. ನಾವು ಉತ್ತರ ಕೊಡಲಾರೆವು, ಆದ್ದರಿಂದ ಪ್ರಶ್ನೆ ಕೇಳಬೇಡಿ. ಬ್ರೇಕ್‌ಗೆ ಎಣಿಸುವುದಾದರೆ ಹತ್ತರಿಂದ ಸೊನ್ನೆಯವರೆಗೆ ಒಂದೇ ದನಿಯಲ್ಲಿ ಎಣಿಸಿ, ಮಧ್ಯದಲ್ಲಿ ಬಿಟ್ಟುಬಿಡಬೇಡಿ. ನಮ್ಮ ಕೊನೆಯ ವಾಕ್ಯವನ್ನು ಆ ಎಣಿಕೆಯ ಮೇಲೆಯೇ ಕಟ್ಟುತ್ತಿರುತ್ತೇವೆ.

ಹಾಗೆಯೇ ನಮಗೆ ನಮ್ಮದೇ ಧ್ವನಿ ತಡವಾಗಿ ಕೇಳದಂತೆ ನೋಡಿಕೊಳ್ಳಿ. ಒಮ್ಮೆ ಯಾರೋ ಐಎಫ್‌ಬಿಗೆ ಪ್ರಸಾರದಿಂದ ಮರಳಿ ಬಂದ ಧ್ವನಿಯನ್ನು ಕೊಟ್ಟಿದ್ದರು, ನನ್ನ ನಾಲಿಗೆ ತೊದಲಿತು.

ಹಳೆಯ ಧ್ವನಿ ಇಂಜಿನಿಯರ್

ಮೇಡಂ ಹೇಳಿದ ಕೊನೆಯ ಅಂಶವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮಲ್ಲಿ ಸೆಕೆಂಡಿಗೆ 25 ಫ್ರೇಮ್‌ಗಳಾದ್ದರಿಂದ ಒಂದು ಫ್ರೇಮ್ ಎಂದರೆ 40 ಮಿಲಿಸೆಕೆಂಡ್. ಚಿತ್ರಕ್ಕೆ ಸರಿಹೊಂದಿಸಲು ಧ್ವನಿಯನ್ನು ನಾಲ್ಕೈದು ಫ್ರೇಮ್ ತಡಮಾಡಿದ ಮೇಲೆ ಅದನ್ನೇ ಐಎಫ್‌ಬಿಗೆ ಕೊಟ್ಟರೆ 200 ಮಿಲಿಸೆಕೆಂಡ್ ಹತ್ತಿರದ ವಿಳಂಬವಾಗುತ್ತದೆ. ಮನುಷ್ಯನ ಮಾತನ್ನು ಅತಿ ಹೆಚ್ಚು ಕೆಡಿಸುವುದು ಆ ಪ್ರಮಾಣದ ವಿಳಂಬವೇ. ಐಎಫ್‌ಬಿಯ ಮೂಲವನ್ನು ಸದಾ ಮಿಕ್ಸರ್‌ನಿಂದ ನೇರವಾಗಿ, ವಿಳಂಬಕ್ಕೆ ಮುಂಚೆ ತೆಗೆದುಕೊಳ್ಳಿ. ಹೊರಗಿನಿಂದ ಉಪಗ್ರಹದ ಮೂಲಕ ಮಾತನಾಡುವ ವರದಿಗಾರರಿಗಂತೂ ಅವರ ಧ್ವನಿಯನ್ನು ಕಳೆದ ಮಿಶ್ರಣವನ್ನೇ, ಅಂದರೆ ಮಿಕ್ಸ್ ಮೈನಸ್ ಅನ್ನೇ ಕಳಿಸಬೇಕು. ಭೂಸ್ಥಿರ ಉಪಗ್ರಹ 35,786 ಕಿಲೋಮೀಟರ್ ಎತ್ತರದಲ್ಲಿರುವುದರಿಂದ ಒಂದು ಸಲ ಹೋಗಿ ಇಳಿಯುವುದಕ್ಕೇ ಸುಮಾರು ಕಾಲು ಸೆಕೆಂಡ್ ಬೇಕು.

ಪಿಸಿಆರ್ ಸಹಾಯಕ

ಎಲ್ಲರಿಗೂ ತುಂಬು ಹೃದಯದ ಕೃತಜ್ಞತೆಗಳು. ಭಾನುವಾರ ಮಧ್ಯಾಹ್ನ ಸ್ಟುಡಿಯೋ ಖಾಲಿ ಇದ್ದಾಗ ನೀವು ಹೇಳಿದ ಕ್ರಮದಲ್ಲೇ ಎಲ್ಲವನ್ನೂ ಮಾಡಿದೆ. ನಿರೂಪಕಿಯ ಕುರ್ಚಿಯಲ್ಲಿ ಕೂತು ಕೇಳಿದಾಗ ಅವರು ಇಷ್ಟು ದಿನ ಏನನ್ನು ಸಹಿಸಿಕೊಂಡಿದ್ದರೆಂದು ಮೊದಲ ಸಲ ಅರ್ಥವಾಯಿತು. ಡಿಮ್ ಹೊಂದಾಣಿಕೆ ಐಎಫ್‌ಬಿ ಪೆಟ್ಟಿಗೆಯ ಹಿಂಭಾಗದಲ್ಲಿತ್ತು, ಪೂರ್ಣ ಕಡಿತಕ್ಕೇ ತಿರುಗಿಸಿಟ್ಟಿದ್ದರು. ಈಗ 12 ಡೆಸಿಬಲ್‌ನಲ್ಲಿದೆ. ‘ಎ’ ಚಾನೆಲ್‌ನ ಸೈಡ್‌ಟೋನ್ ಏರಿಸಿದ ಮೇಲೆ ನಿರ್ಮಾಪಕರ ದನಿ ತಾನಾಗಿಯೇ ತಗ್ಗಿತು. ನಿನ್ನೆಯ ಚರ್ಚೆಯಲ್ಲಿ ಒಂದೂ ದೂರು ಬರಲಿಲ್ಲ. ನಳಿಕೆಯನ್ನೂ ಬದಲಿಸಿದ್ದೇವೆ.

ಒಂದು ಮಾತ್ರ ಬಗೆಹರಿದಿಲ್ಲ. ‘ಬಿ’ ಚಾನೆಲ್‌ನಲ್ಲಿ ಸೈಡ್‌ಟೋನ್ ಎಷ್ಟು ಇಳಿಸಿದರೂ ನಮ್ಮದೇ ಮಾತು ಜೋರಾಗಿ ಮರಳುತ್ತದೆ, ಸ್ಪೀಕರ್ ಆನ್ ಮಾಡಿದರೆ ಕೂಯ್ ಎಂದು ಕೂಗಲು ಆರಂಭಿಸುತ್ತದೆ.

ಓಬಿ ವ್ಯಾನ್

ನನಗೆ ಟರ್ಮಿನೇಶನ್ ಮೇಲೆ, ಅಂದರೆ ಧ್ವನಿಯ ತಂತಿಗೆ ಹಾಕುವ ರೋಧಕದ (ರೆಸಿಸ್ಟರ್) ಮೇಲೆ ಅನುಮಾನ. ಪ್ರತಿ ಚಾನೆಲ್‌ಗೂ ಇಡೀ ಜಾಲದಲ್ಲಿ ಒಂದೇ ಒಂದು ಕಡೆ 200 ಓಮ್ ಟರ್ಮಿನೇಶನ್ ಇರಬೇಕು, ಸಾಮಾನ್ಯವಾಗಿ ಮೇನ್ ಸ್ಟೇಷನ್‌ನಲ್ಲಿ. ಅದು ಎರಡು ಕಡೆ ಇದ್ದರೆ ಎಲ್ಲರ ಮಾತೂ ಕ್ಷೀಣವಾಗಿ ಕೇಳುತ್ತದೆ. ಎಲ್ಲಿಯೂ ಇಲ್ಲದಿದ್ದರೆ ಮಟ್ಟ ಏರಿ, ಸೈಡ್‌ಟೋನ್ ಹಿಡಿತಕ್ಕೆ ಸಿಗದೆ, ನೀವು ವಿವರಿಸಿದಂತೆಯೇ ಕೂಗುತ್ತದೆ. ಮೇನ್ ಸ್ಟೇಷನ್‌ನ ಹಿಂಭಾಗದಲ್ಲಿ ‘ಬಿ’ ಚಾನೆಲ್‌ನ ಚಿಕ್ಕ ಸ್ವಿಚ್ ಯಾವ ಕಡೆ ಇದೆ ನೋಡಿ. ಅದನ್ನು ಸರಿಪಡಿಸಿದ ಮೇಲೆ ಆ ಚಾನೆಲ್‌ನ ಸೈಡ್‌ಟೋನನ್ನೂ ಲಿಸನ್ ಮಟ್ಟವನ್ನೂ ಮೊದಲಿನಿಂದ ಹೊಂದಿಸಬೇಕಾಗುತ್ತದೆ, ಏಕೆಂದರೆ ಇದುವರೆಗೆ ಹೊಂದಿಸಿದ್ದೆಲ್ಲ ತಪ್ಪು ಮಟ್ಟದ ಮೇಲೆ.

ಪಿಸಿಆರ್ ಸಹಾಯಕ

ಸ್ವಿಚ್ ಆಫ್ ಕಡೆಗಿತ್ತು. ಆನ್ ಮಾಡಿದ ಕೂಡಲೇ ಕೂಗು ನಿಂತಿತು, ಸೈಡ್‌ಟೋನ್ ಎರಡೇ ನಿಮಿಷದಲ್ಲಿ ಹಿಡಿತಕ್ಕೆ ಬಂತು. ಆ ಸ್ವಿಚ್‌ನ ಪಕ್ಕದಲ್ಲಿ “ಬಿ ಚಾನೆಲ್ ಟರ್ಮಿನೇಶನ್, ಸದಾ ಆನ್ ಇರಲಿ” ಎಂದು ಕನ್ನಡದಲ್ಲಿ ಬರೆದು ಅಂಟಿಸಿದ್ದೇನೆ. ನಾಳೆ ಬೆಳಗಿನ ಪಾಳಿಯವರನ್ನು ಕರೆದು ಪ್ಯಾನೆಲ್‌ನ ಪ್ರತಿ ಗುಂಡಿಯನ್ನೂ ತೋರಿಸಿಕೊಡುವುದಕ್ಕೆ ನಿರ್ಮಾಪಕರಿಂದ ಅರ್ಧ ಗಂಟೆ ಕೇಳಿಕೊಂಡಿದ್ದೇನೆ.